ಕೈ ಇಳಿಸಿದವನು

ಕದ್ದುಮುಚ್ಚಿ ನಡೆಯುವ ಬಾಕ್ಸಿಂಗ್ ಪಂದ್ಯಗಳ ಬಗ್ಗೆ ಕಡಿಮೆ ಬಜೆಟ್ಟಿನಲ್ಲಿ ತಯಾರಾಗುತ್ತಿದ್ದ ಸಿನಿಮಾ ಅದು. ಮುಚ್ಚಿಹೋದ ಕಾರ್ಖಾನೆಯೊಂದರ ನೆಲಮಾಳಿಗೆಯಲ್ಲಿ ಹಗ್ಗ ಬಿಗಿದು ಅಖಾಡ ಮಾಡಿದ್ದರು. ಹೊಡೆದಾಟ ಕಲಿಸಲು ಬಂದವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಮೂವತ್ತು ವರ್ಷಗಳ ಹಿಂದೆ ಇಂಥದೇ ನೆಲಮಾಳಿಗೆಗಳಲ್ಲಿ ಅವರು ನಿಜವಾಗಿಯೇ ಹೊಡೆದಾಡಿದವರು. ಹೀರೋ ಮಾತ್ರ ಗಾಳಿಗೆ ಗುದ್ದಿದರೂ ಉಸ್ಸೆಂದು ಕೂರುವವನು.

ನಾಲ್ಕನೆಯ ದಿನ ಬೆಳಗ್ಗೆ, ಕೈ ಇಳಿಸಿದವನಿಗೆ ಹೊಡೆಯಬಾರದೆಂದು ಹೀರೋಗೆ ಹೇಳಿಕೊಡುತ್ತ ಮೇಷ್ಟ್ರು ತಲೆ ಎತ್ತಿದರು. ಪ್ರೇಕ್ಷಕರ ಪಾತ್ರಕ್ಕೆ ಕರೆತಂದವರ ನಡುವೆ ಒಬ್ಬನನ್ನು ಕಂಡು ಮಾತನ್ನು ಅರ್ಧಕ್ಕೇ ಬಿಟ್ಟರು. ತಲೆ ನರೆತಿತ್ತು, ಎಡಗಣ್ಣು ಬೆಳ್ಳಗಾಗಿತ್ತು. ಆ ಕಣ್ಣು ಹೋದದ್ದು ಇವರ ಹೊಡೆತಕ್ಕೆ. ಅವತ್ತು ಆತ ಸಾಕೆಂದು ಕೈ ಇಳಿಸಿದ್ದ; ಇವರು ಆಮೇಲೂ ಹೊಡೆದಿದ್ದರು.

ಊಟದವರೆಗೆ ಲೈಟುಗಳ ಹಿಂದೆ ಮುಖ ಮರೆಸಿಕೊಂಡು ಓಡಾಡಿದರು. ಕೊನೆಗೆ ತಡೆಯಲಾರದೆ, ತಟ್ಟೆ ಹಿಡಿದು ಆತ ಕೂತಿದ್ದ ಮೆಟ್ಟಿಲ ಬಳಿ ಹೋಗಿ ತಾವು ಯಾರೆಂದು ಹೇಳಿದರು.

“ಗೊತ್ತು,” ಎಂದ ಆತ. “ಬೆಳಗ್ಗೆ ಆ ಹುಡುಗನಿಗೆ ಹೇಳಿಕೊಡ್ತಿದ್ರಲ್ಲ, ಅವತ್ತು ನಿಮಗೆ ಯಾರೂ ಹೇಳಿರ್ಲಿಲ್ವಾ?”

ವಯಸ್ಸು ಹಾಗಿತ್ತು ಎಂದು ಮೇಷ್ಟ್ರು ಜಾರಿಕೊಳ್ಳಬಹುದಿತ್ತು.

“ಹೇಳಿದ್ರು. ಗೊತ್ತಿದ್ದೇ ಹೊಡೆದೆ. ಜನ ಕೂಗ್ತಿದ್ರು.”

ಆತ ಉಣ್ಣುತ್ತಲೇ ಇದ್ದ. ಕಣ್ಣು ಹೋದ ಮೇಲೆ ಲಾರಿ ಓಡಿಸುವ ಕೆಲಸ ಹೋಯಿತೆಂದೂ, ಅಣ್ಣನ ಮನೆಯಲ್ಲಿ ಅತ್ತಿಗೆಯ ಮುಖ ನೋಡಿಕೊಂಡು ಹತ್ತು ವರ್ಷ ಕಳೆದೆನೆಂದೂ, ಯಾರದೋ ಸುದ್ದಿ ಹೇಳುವಂತೆ ಹೇಳಿದ. ಮೇಷ್ಟ್ರು ಕ್ಷಮೆ ಕೇಳಲು ಬಾಯಿ ತೆರೆದರು.

“ಅದೊಂದು ಕೇಳ್ಬೇಡಿ,” ಎಂದ. “ಇದ್ದಿದ್ರೆ ಕೊಡ್ತಿದ್ದೆ.”

ಮಧ್ಯಾಹ್ನ ನಿರ್ದೇಶಕ ದೃಶ್ಯ ಬದಲಿಸಿದ. ಖಳನಾಯಕ ಕೈ ಇಳಿಸಿದ ಮೇಲೂ ಹೀರೋ ಹೊಡೆಯಬೇಕು, ಥಿಯೇಟರಿನಲ್ಲಿ ಶಿಳ್ಳೆ ಬೀಳಬೇಕು. ಮೇಷ್ಟ್ರು ತಾವಿದನ್ನು ಕಲಿಸುವುದಿಲ್ಲವೆಂದರು. ನಿರ್ದೇಶಕ ಪುಸಲಾಯಿಸಿದ, ರೇಗಿದ, ನಾಳೆಯಿಂದ ಬರಬೇಡಿ ಎಂದ. ಅವರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಅಖಾಡದಿಂದ ಇಳಿದರು.

ಅವರಿಲ್ಲದೆಯೇ ಚಿತ್ರೀಕರಣ ನಡೆಯಿತು. ‘ಹೊಡಿ, ಹೊಡಿ’ ಎಂದು ಕೂಗುವಂತೆ ಪ್ರೇಕ್ಷಕರಿಗೆ ಹೇಳಲಾಗಿತ್ತು. ಎಲ್ಲರೂ ಎದ್ದು ನಿಂತು ಕೂಗಿದರು. ಕಣ್ಣು ಹೋದ ಆತನೂ ಎದ್ದ, ಆದರೆ ಬಾಯಿ ತೆರೆಯಲಿಲ್ಲ. ಬಾಗಿಲ ಬಳಿ ನಿಂತು ಮೇಷ್ಟ್ರು ನೋಡಿದರು.

ಸಂಜೆ ಗೇಟಿನ ಹತ್ತಿರ ಇಬ್ಬರೂ ಎದುರಾದರು. ತನಗಿನ್ನೂ ಎರಡು ದಿನದ ಕೆಲಸವಿದೆ ಎಂದ ಆತ. ಮೇಷ್ಟ್ರು ತಲೆಯಾಡಿಸಿದರು. ಬಸ್ಸು ಬಂತು.

“ಬರ್ತೀನಿ, ಮೇಷ್ಟ್ರೇ,” ಎಂದು ಆತ ಹತ್ತಿದ.