ಬಾಯೊಳಗಿನ ಕಂಬಿ

"ಬಾಯಿ ತೆಗಿ ಅಂದೆ," ಹ್ಯೊರಿ ಮತ್ತೆ ಗದರಿದಳು.

ಮಗಳು ಬೊರಮ್ ತುಟಿ ಬಿಗಿದುಕೊಂಡೇ ನಿಂತಿದ್ದಳು. ಬಾಯಂಚಿನಲ್ಲಿ ರಕ್ತ. ಹ್ಯೊರಿ ಗಲ್ಲ ಹಿಡಿದು ಬಾಯಿ ತೆಗೆಸಿದಳು. ನಾಲಿಗೆ ಮುಂದಕ್ಕೆ ನುಗ್ಗದಂತೆ ಮೇಲಿನ ಹಲ್ಲುಗಳ ಹಿಂದೆ ಕಳೆದ ವಾರವಷ್ಟೇ ಕೂರಿಸಿದ್ದ ಕಂಬಿ ಸೊಟ್ಟಗಾಗಿ ಅಂಗುಳಿಗೆ ಚುಚ್ಚಿಕೊಂಡಿತ್ತು.

"ಯಾರು ಮಾಡಿದ್ದು ಇದನ್ನ?"

ಕಿಮ್ಚಿ ಉಪ್ಪಿನಕಾಯಿಗೆ ಮೂಲಂಗಿ ಹೆಚ್ಚುತ್ತಿದ್ದ ಅತ್ತೆ ಚಾಕು ಕೆಳಗಿಟ್ಟರು. "ನಾನೇ ಕಣಮ್ಮ. ಚಮಚದ ಹಿಡಿ ಹಾಕಿ ಮೀಟಿದೆ. ಮಗು ತುತ್ತು ನುಂಗಕ್ಕಾಗ್ದೆ ಒದ್ದಾಡ್ತಿದ್ರೆ ಸುಮ್ನೆ ಕೂತಿರಕ್ಕೆ ನಾನೇನು ಕಲ್ಲಾ?"

"ನಿಮ್ಮನ್ನ ನಂಬಿ ಕೆಲಸಕ್ಕೆ ಹೋಗ್ತೀನಲ್ಲ, ನಂಗೆ ಬುದ್ಧಿ ಇಲ್ಲ! ನಾಳೆಯಿಂದ ಇವಳು ನಿಮ್ಮ ಹತ್ರ ಇರೋದು ಬೇಡ. ವಾಂದೋಗೆ, ನಿಮ್ಮ ಮಗಳ ಮನೆಗೆ ಹೊರಟುಬಿಡಿ."

ಹ್ಯೊರಿ ಮಗಳನ್ನು ಹಲ್ಲಿನ ಡಾಕ್ಟರ ಬಳಿಗೆ ಹೊರಡಿಸಿದಳು. ಅತ್ತೆಯೂ ಕೋಟು ಹಾಕಿಕೊಂಡು ಅವರ ಹಿಂದೆಯೇ ಹೊರಟರು. ಮೊಕ್ಪೊ ಬಂದರಿನ ಮೀನು ವಾಸನೆ ಟ್ಯಾಕ್ಸಿಯ ಕಿಟಕಿಯಿಂದ ಒಳಗೆ ಬರುತ್ತಿತ್ತು.

ಡಾಕ್ಟರ್ ಇಕ್ಕಳದಿಂದ ಕಂಬಿ ಬಿಡಿಸಿ ಗಾಯ ತೊಳೆದರು. ಬೊರಮ್ ಹಲ್ಲು ಕಚ್ಚಿದರೂ ಮುಂದಿನ ಹಲ್ಲುಗಳು ಒಂದಕ್ಕೊಂದು ತಾಗದೆ ನಡುವೆ ಕಿಂಡಿ ಉಳಿಯಿತು.

"ಹೆಬ್ಬೆರಳು ಚೀಪಿ ಚೀಪಿ ಆದ ಕಿಂಡಿ ಇದು. ಚೀಪೋದು ಬಿಟ್ಟಿದಾಳೆ. ಈಗ ನಾಲಿಗೆ ಅಲ್ಲಿಗೆ ನುಗ್ತಿದೆ," ಎಂದರು ಡಾಕ್ಟರ್. "ಮೂಳೆ ಬೆಳೀತಿರೋವಾಗ್ಲೇ ತಡೆದ್ರೆ ಹಲ್ಲು ತಾವೇ ಕೆಳಗಿಳಿಯಬಹುದು. ಬಿಟ್ರೆ ದೊಡ್ಡವಳಾದ್ಮೇಲೆ ದವಡೆಗೆ ಆಪರೇಷನ್ ಬೇಕಾಗಬಹುದು. ಗಾಯ ಮಾಯಲಿ, ಹೊಸದು ಹಾಕೋಣ. ಆದ್ರೆ ಮನೇಲಿ ಯಾರಾದ್ರೂ ಹೀಗೆ ಮೀಟಿದ್ರೆ..."

"ಇನ್ಮೇಲೆ ಮೀಟೋರು ಮನೇಲಿ ಇರಲ್ಲ," ಎಂದಳು ಹ್ಯೊರಿ.

ಅತ್ತೆ ತಲೆ ತಗ್ಗಿಸಿದರು.

ಬೊರಮ್ ಕುರ್ಚಿಯಿಂದ ದಡಕ್ಕನೆ ಎದ್ದಳು. "ಅಜ್ಜಿ ಅಲ್ಲ! ನಾನೇ ಬಗ್ಗಿಥಿದ್ದು!" ಹಲ್ಲಿನ ಕಿಂಡಿಯಿಂದ ಗಾಳಿ ಜಾರಿ ಮಾತು ತೊದಲಿತು. "ಕ್ಲಾಥಲ್ಲಿ ಓದು ಅಂತ ನಿಲ್ಲಿಥ್ತಾರೆ. ಮೊದ್ಲೇ ಎಲ್ಲಾ ಮಕ್ಕಳೂ ನಗ್ತಿದ್ರು, ಕಂಬಿ ಹಾಕಿದ್ಮೇಲೆ ಇನ್ನೂ ಜಾಥ್ತಿ ನಗ್ತಾರೆ. ಅಮ್ಮ ಹೊಡೀತಾಳೆ, ನಾನೇ ಮಾಡಿದ್ದು ಅಂತ ಹೇಳ್ತೀನಿ ಅಂದ್ಲು ಅಜ್ಜಿ."

ಹ್ಯೊರಿ ಅತ್ತೆಯ ಕಡೆ ತಿರುಗಿದಳು.

"ಹೋಗ್ಲಿ ಬಿಡು," ಎಂದರು ಅತ್ತೆ. "ಮಗೂನ ಬೈಬೇಡ."

ಡಾಕ್ಟರ್ ತಮ್ಮ ಕುರ್ಚಿಯನ್ನು ತಗ್ಗಿಸಿ ಬೊರಮ್‌ಳ ಮುಖಕ್ಕೆ ಸಮನಾಗಿ ಕೂತರು. "ಏನ್ಮಾಡೋಣ, ಹೇಳು. ಹಾಕೋದಾ, ಬೇಡ್ವಾ?"

ಅವಳು ತನ್ನ ಬೆರಳುಗಳನ್ನೇ ನೋಡುತ್ತ ಅಂದಳು: "ಹಾಕಿ. ಆದ್ರೆ ಯಾರೂ ನಗಬಾರ್ದು ಅಂತ ಟೀಚರ್‌ಗೆ ಅಮ್ಮ ಬಂದು ಹೇಳ್ಬೇಕು."

"ನಾಳೇನೇ ಬರ್ತೀನಿ," ಎಂದಳು ಹ್ಯೊರಿ.

ಹೊರಗೆ ಬಾಗಿಲ ಬಳಿ ಅತ್ತೆ ಗೋಡೆಗೆ ಕೈ ಊರಿ, ಬೂಟಿನೊಳಗೆ ಹಿಮ್ಮಡಿ ತೂರಿಸಲು ತಿಣುಕುತ್ತಿದ್ದರು. ಹ್ಯೊರಿ ಚೀಲ ಕೆಳಗಿಟ್ಟು ನೆಲಕ್ಕೆ ಕುಕ್ಕರಿಸಿ, ಬೂಟಿನ ಹಿಂಬದಿಯನ್ನು ಬೆರಳಿಂದ ಎತ್ತಿ ಹಿಡಿದಳು.