ಅರ್ಧಕ್ಕೆ ನಿಂತ ಕಾಯಿಲ್

ಮೋಟಾರಿನ ತಾಮ್ರದ ತಂತಿ ಸುತ್ತುವ ಯಂತ್ರದ ಮೇಲೆ, ತೀರಿಕೊಂಡ ತಮ್ಮ ಅರ್ಧಕ್ಕೆ ಬಿಟ್ಟಿದ್ದ ಕಾಯಿಲ್ ಹಾಗೇ ಇತ್ತು. ಸುತ್ತು ಎಣಿಸುವ ಮುಳ್ಳು ಮುರಿದು ಯಾವ ಕಾಲವಾಗಿತ್ತೋ. ಲೆಕ್ಕವೆಲ್ಲ ಅವನ ತಲೆಯಲ್ಲೇ ಇರುತ್ತಿತ್ತು. ಸುತ್ತುವಾಗ ಯಾರಾದರೂ ಮಾತಾಡಿಸಿದರೆ ಕಣ್ಣಲ್ಲೇ ಗದರುತ್ತಿದ್ದ. ಆ ಲೆಕ್ಕವೂ ಈಗ ಅವನ ಜೊತೆಗೇ ಹೋಗಿತ್ತು. ಮೋಟಾರು ರಿಪೇರಿಗೆ ಕೊಟ್ಟಿದ್ದ ಪಂಪಿನ ಮಾಲೀಕ ಬಂದು, ಸಾವಾದ ಮನೆಯವರನ್ನು ಹೇಗೆ ಅವಸರಪಡಿಸುವುದೆಂದು ತಿಳಿಯದೆ, ತಲೆ ಕೆರೆದುಕೊಂಡು ವಾಪಸಾಗಿದ್ದ.

ಲೆಕ್ಕ ಗೊತ್ತಿಲ್ಲದ ಮೇಲೆ ಬಿಚ್ಚಿ ಮೊದಲಿಂದ ಸುತ್ತಬೇಕಿತ್ತು, ಆದರೆ ಅಣ್ಣನಿಗೆ ಅದನ್ನು ಬಿಚ್ಚಲು ಕೈ ಬರಲಿಲ್ಲ. ವಾರ್ನಿಷ್ ಡಬ್ಬಿಯನ್ನು ಸುಮ್ಮನೆ ಅತ್ತಿತ್ತ ಸರಿಸುತ್ತಿದ್ದಾಗ ತಮ್ಮನ ಹೆಂಡತಿ ಬಂದಳು. ಗಂಡನ ಸ್ಟೂಲಿನ ಮೇಲೆ ಕೂರದೆ, ನಿಂತೇ ಅವನ ಫೋನು ಮುಂದೆ ಹಿಡಿದಳು.

"ಭಾವ, ಇದರಲ್ಲಿ ಅವರ ದುಡ್ಡು ಕಾಣಿಸ್ತಿದೆ. ಮಗಳ ಕಾಲಿನ ಆಪರೇಷನ್‌ಗೆ ಅಂತ ಇಟ್ಟಿದ್ದು. ತೆಗೆದುಕೊಡಿ."

ಅದು ಕ್ರಿಪ್ಟೋ ನಾಣ್ಯ, ಅಣ್ಣ ತಮ್ಮ ಇಬ್ಬರೂ ಒಟ್ಟಿಗೇ ಕೊಂಡಿದ್ದರು. ಆಗೆಲ್ಲ ಟೀ ಹೊತ್ತಿನಲ್ಲಿ ಅಣ್ಣನದು ಮೇಷ್ಟ್ರ ಗತ್ತು. "ತಾಮ್ರದ ಹಾಗೇ ಕಣೋ. ಬೇಕು ಅನ್ನೋರು ಹೆಚ್ಚಾಗಿ, ಸಿಗೋದು ಕಡಿಮೆಯಾದ್ರೆ ಬೆಲೆ ಏರುತ್ತೆ. ಅದರ ಕಂಪ್ಯೂಟರ್ ಜಾಲದಲ್ಲಿ ಜನ ಒಪ್ಪಂದ ಮಾಡ್ಲಿ, ಸಾಲ ಕೊಡ್ಲಿ, ಎಲ್ಲಕ್ಕೂ ಈ ನಾಣ್ಯವೇ ಶುಲ್ಕ. ಅದರಲ್ಲಿ ಒಂದಿಷ್ಟು ಪ್ರತಿಸಲ ಸುಟ್ಟೇಹೋಗುತ್ತೆ. ಇನ್ನು ನಾಣ್ಯ ತೆಗೆಯೋ ಗುಟ್ಟಿನ ಪದ ಮರೆತವರದ್ದು ಶಾಶ್ವತವಾಗಿ ಒಳಗೇ. ಪುಣ್ಯಾತ್ಮರು, ನಮ್ಮ ಗಂಟು ದಪ್ಪ ಮಾಡಿ ಹೋಗ್ತಾರೆ!" ಟೀ ನೆತ್ತಿಗೇರುವಷ್ಟು ನಕ್ಕಿದ್ದ ತಮ್ಮ. ಪದಗಳನ್ನು ಎಲ್ಲಿ ಬರೆದಿಡಲಿ ಎಂದು ಕೇಳಿದಾಗ ಅಣ್ಣ ಬೈದಿದ್ದ: "ಎಲ್ಲೂ ಬೇಡ, ಕದೀತಾರೆ. ಇಷ್ಟೊಂದು ಸುತ್ತು ನೆನಪಿಟ್ಟುಕೊಳ್ಳೋನಿಗೆ ಹನ್ನೆರಡು ಪದ ಯಾವ ಲೆಕ್ಕ?"

"ಇದು ಬರೀ ತೋರಿಸುತ್ತೆ ಅಷ್ಟೇ ಕಣಮ್ಮ," ಎಂದ ಅಣ್ಣ ಈಗ. "ತೆಗೆಯೋಕೆ ಆ ಪದಗಳು ಬೇಕು. ಅವನ ಹೊರತು ಯಾರಿಗೂ ಗೊತ್ತಿಲ್ಲ."

"ಕಂಪನಿಯವರನ್ನ ಕೇಳಿದ್ರೆ?"

"ಇದಕ್ಕೆ ಕಂಪನಿ ಅಂತ ಇಲ್ಲ, ಕೇಳೋಕೆ ಅಲ್ಲಿ ಯಾರೂ ಇಲ್ಲ."

ಅವಳ ಕಣ್ಣು ಮೂಲೆಯಲ್ಲಿದ್ದ ಕರಕಲು ಕಾಯಿಲ್‌ಗಳ ಗೋಣಿಯ ಮೇಲೆ ಬಿತ್ತು. "ಸುಟ್ಟ ಮೋಟಾರಿಂದಲೂ ತಾಮ್ರ ಸಿಗುತ್ತಲ್ಲ ಭಾವ. ಇದರಲ್ಲಿ ಏನೂ ಸಿಗಲ್ವಾ?"

"ಇಲ್ಲಮ್ಮ."

"ಮತ್ತೆ ಅದು ಯಾರ ಪಾಲಾಯ್ತು?"

ಯಾರ ಪಾಲೂ ಅಲ್ಲ ಎಂದು ಹೇಳಿ ಮುಗಿಸಬಹುದಿತ್ತು. ಮಾತು ನಾಲಿಗೆ ತುದಿಯಲ್ಲೇ ಇತ್ತು. ಆದರೆ ತಮ್ಮನ ಸ್ಟೂಲು ಎದುರಿಗಿತ್ತು.

"ಯಾರ ಕೈಗೂ ಹೋಗಿಲ್ಲ. ಆದ್ರೆ ಅಷ್ಟು ನಾಣ್ಯ ಕಡಿಮೆಯಾಯ್ತಲ್ಲ, ಅದನ್ನ ಇಟ್ಟುಕೊಂಡಿರೋರಿಗೆಲ್ಲ ಕೂದಲೆಳೆಯಷ್ಟು ಲಾಭ."

"ನಿಮಗೂ?"

"ನನಗೂ."

ಅವಳು ಅಳಲಿಲ್ಲ. ಅತ್ತಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ನನ್ನದನ್ನ ಮಾರ್ತೀನಿ," ಎಂದ ಗಡಿಬಿಡಿಯಲ್ಲಿ. "ಈಗ ಎಲ್ಲರೂ ಮಾರೋಕೆ ಬಿದ್ದು ರೇಟು ನೆಲ ಕಚ್ಚಿದೆ. ಆಪರೇಷನ್‌ಗೆ ಸಾಲದು, ಆದರೂ..."

"ಬರೆದಿಡಿ ಅಂತ ನಾನು ಹೇಳಿದ್ದೆ," ಎಂದಳು ಮೆಲ್ಲಗೆ. "'ಅಣ್ಣ ಬೇಡ ಅಂದಿದ್ದಾನೆ, ಅವನಿಗೆ ಎಲ್ಲಾ ಗೊತ್ತು' ಅಂದ್ರು."

ಫೋನನ್ನು ಸ್ಟೂಲಿನ ಮೇಲಿಟ್ಟು ಹೊರಟುಹೋದಳು.

ಬಹಳ ಹೊತ್ತಾದ ಮೇಲೆ ಅವನು ಯಂತ್ರದ ಮುಂದೆ ಕೂತು ಕಾಯಿಲ್ ಬಿಚ್ಚತೊಡಗಿದ. ತಮ್ಮನ ಕೈ ಬಿಗಿ. ಒಂದು ಸುತ್ತೂ ಸಡಿಲವಿರಲಿಲ್ಲ. ತಂತಿ ಎಲ್ಲೂ ತುಂಡಾಗದೆ, ಎಳೆಯಷ್ಟೂ ಕಡಿಮೆಯಾಗದೆ ವಾಪಸು ಬಂತು. ಅದರ ತುದಿಯನ್ನು ಮತ್ತೆ ಸಿಕ್ಕಿಸಿ ಹಿಡಿ ತಿರುಗಿಸಿದ. ತಮ್ಮನ ಹಾಗೆ ತಲೆಯೊಳಗಲ್ಲ, ಒಂದು, ಎರಡು, ಮೂರು ಎಂದು ಬೀದಿಯವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ಎಣಿಸುತ್ತಿದ್ದ.