ಹತ್ತು ಮೋಟರು, ಒಂದು ಟ್ಯಾಂಕು ಗಾಳಿ

ನಿಯಮದ ಪುಸ್ತಕವನ್ನು ಮಗಳು ಮೂರು ಸಲ ಓದಿ ಹೇಳಿದಳು. ಮೂರು ಸಲವೂ ನನಗೆ ತಲೆಬುಡ ತಿಳಿಯಲಿಲ್ಲ.

"ಗಾಳಿ ಬೇಡ ಅಂದ್ರೆ ಹನ್ನೆರಡು ಮೋಟರ್ ಹಾಕಬಹುದು ಅಪ್ಪ. ಗಾಳಿ ಬೇಕು ಅಂದ್ರೆ ಹತ್ತೇ."

"ಯಾಕೆ?"

"ನಿಯಮ."

"ಗಾಳಿ ಮೋಟರನ್ನ ತಿನ್ನುತ್ತಾ?"

"ತಿನ್ನಲ್ಲ. ಆದ್ರೂ ಹತ್ತೇ."

ನಾನು ಇಪ್ಪತ್ತೆರಡು ವರ್ಷದಿಂದ ಬಸ್ ಡಿಪೋದಲ್ಲಿ ಬಾಗಿಲು, ಬ್ರೇಕು ರಿಪೇರಿ ಮಾಡುವವನು. ಎರಡೂ ಗಾಳಿಯಿಂದಲೇ ನಡೆಯುತ್ತವೆ. ಬಾಗಿಲಿಗೆ ಗಾಳಿ ಕೊಟ್ಟಿದ್ದೀಯ, ಎರಡು ಚಕ್ರ ಬಿಚ್ಚು ಅಂತ ಇದುವರೆಗೆ ಯಾರೂ ಹೇಳಿಲ್ಲ. ಪುಸ್ತಕ ಬರೆದವನು ಕೈಗೆ ಸಿಕ್ಕಿದರೆ ಕೇಳುತ್ತಿದ್ದೆ. ನನ್ನ ದನಿ ಏರಿತು.

"ಇವರಿಗೆ ಮೂಗಿನ ತುದೀಲೇ ಏರ್ ಟ್ಯಾಂಕ್ ಇದೆ," ಅಂದಳು ಹೆಂಡತಿ, ಬಟ್ಟೆ ಮಡಚುತ್ತ. "ಮುಟ್ಟಿದ್ರೆ ಸಾಕು, ಬುಸ್."

ವಿಷಯ ಇಷ್ಟು. ಮಗಳ ಶಾಲೆಯ ಮಕ್ಕಳು ಸ್ಪರ್ಧೆಗೆ ಮೊಣಕಾಲೆತ್ತರದ ರೋಬೋಟ್ ಕಟ್ಟುತ್ತಿದ್ದರು. ಅದು ನೆಲದ ಮೇಲಿನ ಚೆಂಡು ಎತ್ತಿ ಡಬ್ಬಕ್ಕೆ ಹಾಕಬೇಕು, ಡಬ್ಬವನ್ನು ಮೂಲೆಗೆ ಸೇರಿಸಬೇಕು. ಹೊತ್ತು ಎರಡೇ ನಿಮಿಷ. ಚೆಂಡು ಎಳೆದುಕೊಳ್ಳಲು ಎರಡು ಮೋಟರ್, ಮೇಲೆತ್ತಲು ಎರಡು. ಅದರಲ್ಲಿ ತಕರಾರಿಲ್ಲ. ಜಗಳ ಇದ್ದದ್ದು ಉಳಿದವುಗಳ ಮೇಲೆ. ಎಂಟನ್ನೂ ಚಕ್ರಕ್ಕೆ ಕೊಟ್ಟರೆ ರೋಬೋಟ್ ಬಾಣದ ಹಾಗೆ ಓಡುತ್ತದೆ, ಡಬ್ಬವನ್ನು ಗುದ್ದಿಕೊಂಡೇ ಹೋಗಬಹುದು. ಹಾಗನ್ನುತ್ತಿದ್ದವಳು ಚಕ್ರ ಕಟ್ಟಿದ ಹುಡುಗಿ. ಅವಳಿಗೆ ಎಲ್ಲರೂ ಇಟ್ಟ ಹೆಸರು ಎಕ್ಸ್‌ಪ್ರೆಸ್.

ನನ್ನ ಮಗಳು ಕಟ್ಟಿದ್ದು ಇಕ್ಕಳ. ಡಬ್ಬದ ಅಂಚನ್ನು ಕಚ್ಚಿ ಎಳೆದುಕೊಂಡು ಹೋಗುವ ಕಬ್ಬಿಣದ ಬಾಯಿ, ಗಾಳಿಯಿಂದ ಕೆಲಸ ಮಾಡುವಂಥದ್ದು. ಎರಡು ತಿಂಗಳು ಅದರ ಮುಂದೆಯೇ ಕೂತಿದ್ದಳು. ಇಕ್ಕಳ ಉಳಿಯಬೇಕಾದರೆ ಚಕ್ರದ ಎರಡು ಮೋಟರ್ ಹೋಗಬೇಕು. ಶನಿವಾರ ಪರೀಕ್ಷೆ. ಎರಡು ನಿಮಿಷದಲ್ಲಿ ಐದು ಡಬ್ಬ ಮೂಲೆ ಸೇರಿದರೆ ಇಕ್ಕಳ, ಇಲ್ಲದಿದ್ದರೆ ಚಕ್ರಕ್ಕೆ ಎಂಟೂ ಮೋಟರ್.

"ಇಕ್ಕಳ ಹೋದ್ರೆ ಆ ರೋಬೋಟಲ್ಲಿ ನಂದು ಅಂತ ಒಂದು ಸ್ಕ್ರೂ ಇರಲ್ಲ," ಅಂದಳು ಮಗಳು. ಆಮೇಲೆ ಕೇಳಿದಳು, "ಬಾಯಿ ಮುಚ್ಚೋಕೆ ಗಾಳಿ ಸರಿ. ತೆಗೆಯೋಕೆ?"

"ಅದಕ್ಕೂ ಗಾಳಿ. ಬಸ್ಸಿನ ಬಾಗಿಲು ನೋಡಿಲ್ವಾ? ಹೋಗ್ತಾ ಗಾಳಿ, ಬರ್ತಾ ಗಾಳಿ."

"ಸಾಲುತ್ತಾ?"

"ಗಾಳಿ ಏನು ಎಣ್ಣೆನಾ, ಖರ್ಚಾಗೋಕೆ?"

ಶನಿವಾರ ರಜೆ ಹಾಕಿ ಹೋದೆ. ಶಾಲೆಯ ಹಿಂದಿನ ಉದ್ದ ಕೋಣೆ, ನೆಲಕ್ಕೆ ಅಂಟಿಸಿದ ಬಿಳಿ ಟೇಪು, ಗೋಡೆಗೆ ಒತ್ತರಿಸಿದ ಬೆಂಚುಗಳು. ವಿಜ್ಞಾನದ ಮೇಷ್ಟ್ರು ಗಡಿಯಾರ ಹಿಡಿದು ನಿಂತಿದ್ದರು. ಚಕ್ರದ ಎಂಟು ಮೋಟರಲ್ಲಿ ಎರಡರ ವೈರನ್ನು ಎಕ್ಸ್‌ಪ್ರೆಸ್ ತಾನೇ ಬಿಚ್ಚಿದ್ದಳು. ಬಿಚ್ಚಿದ್ದಳಷ್ಟೇ, ಮೋಟರ್ ಮಾತ್ರ ಅಲ್ಲೇ ಬಿಟ್ಟಿದ್ದಳು. ಮಗಳು ಸೈಕಲ್ ಪಂಪಿನಿಂದ ಪುಟ್ಟ ಟ್ಯಾಂಕಿಗೆ ಗಾಳಿ ತುಂಬಿದಳು. ಟ್ಯಾಂಕಿನ ಮೀಟರಿನ ಮುಳ್ಳು ಮೇಲೇರಿತು. ಪಂಪನ್ನು ತೆಗೆದು ಪಕ್ಕಕ್ಕಿಟ್ಟಳು.

"ಕಂಪ್ರೆಸರ್ ಎಲ್ಲಿ?" ಅಂದೆ.

"ಇಲ್ಲ ಅಪ್ಪ. ಮೊದಲು ತುಂಬಿದ್ದಷ್ಟೇ. ನಿಯಮ."

ಬಸ್ಸಿನಲ್ಲಿ ಇಂಜಿನ್ ಓಡುವಷ್ಟು ಹೊತ್ತೂ ಕಂಪ್ರೆಸರ್ ಟ್ಯಾಂಕಿಗೆ ಗಾಳಿ ತುಂಬುತ್ತಲೇ ಇರುತ್ತದೆ. ಇಪ್ಪತ್ತೆರಡು ವರ್ಷ ನಾನು ಮುಗಿದುಹೋಗುವ ಗಾಳಿಯನ್ನು ಕಂಡವನೇ ಅಲ್ಲ. ಹೇಳೋಣವೆಂದರೆ ಮೇಷ್ಟ್ರು ಗಡಿಯಾರ ಒತ್ತಿಯಾಗಿತ್ತು.

ಮೂರು ಡಬ್ಬ ಚೆನ್ನಾಗಿ ಹೋದವು. ಕಚ್ಚಿದಾಗೊಮ್ಮೆ ಬುಸ್, ಬಿಟ್ಟಾಗೊಮ್ಮೆ ಬುಸ್. ನಾಲ್ಕನೆಯದಕ್ಕೆ ಬಾಯಿ ಮುಚ್ಚಿತು, ಆದರೆ ಹಲ್ಲಿಲ್ಲದವರು ಕಡಲೆ ಕಚ್ಚಿದ ಹಾಗೆ. ಅರ್ಧ ದಾರಿಯಲ್ಲಿ ಡಬ್ಬ ಜಾರಿ ಮಗುಚಿತು. ಚೆಂಡುಗಳು ಬೆಂಚಿನ ಕೆಳಗೆಲ್ಲ ಉರುಳಿದವು.

"ಬಲೂನು ನಂಬಿದ್ರೆ ಹೀಗೇ," ಅಂದಳು ಎಕ್ಸ್‌ಪ್ರೆಸ್.

"ಹಾಗಾದ್ರೆ ಹನ್ನೆರಡು ಮೋಟರ್ ಅಂತ ಬರ್ಕೊಳ್ಳಲಾ?" ಅಂದರು ಮೇಷ್ಟ್ರು.

ಮಗಳು ನನ್ನನ್ನು ನೋಡಿದಳು. "ಎರಡೂ ಕಡೆ ಗಾಳಿ ಅಂದಿದ್ದು ನೀನೇ."

ತಪ್ಪು ನನ್ನದು, ಬೈದದ್ದು ಮೇಷ್ಟ್ರಿಗೆ. "ಅಲ್ರೀ, ಮಕ್ಕಳ ಕೈಗೆ ಇಂಥ ಟ್ಯಾಂಕ್ ಕೊಡ್ತೀರಲ್ಲ, ಗಾಳಿ ಹೋದ ಕೂಡಲೇ ಹಿಡಿದದ್ದು ಬಿಟ್ಟುಹೋಗೋದು ಯಾವ ಸೀಮೆ ಯಂತ್ರ? ನಮ್ಮ ಬಸ್ಸಲ್ಲಿ ಗಾಳಿ ಪೂರ್ತಿ ಖಾಲಿಯಾದ್ರೂ ಹ್ಯಾಂಡ್ ಬ್ರೇಕ್ ಬಿಡಲ್ಲ, ಗಾಡಿ ಕದಲಲ್ಲ."

"ನಂಗೇನ್ರೀ ಗೊತ್ತು, ನಾನು ಗಡಿಯಾರ ಹಿಡಿದೋನು," ಅಂದರು ಅವರು.

"ಯಾಕೆ ಬಿಡಲ್ಲ?" ಕೇಳಿದವಳು ಮಗಳು.

"ಯಾಕೆ ಅಂದ್ರೆ? ಹಿಡಿಯೋದು ಸ್ಪ್ರಿಂಗು. ಗಾಳಿ ಬರೀ ಬಿಡಿಸೋಕೆ. ಗಾಳಿ ಹೋದ್ರೆ ಸ್ಪ್ರಿಂಗು ಇನ್ನೂ ಬಿಗಿಯಾಗಿ..."

ಡಿಪೋಗೆ ಬರುವ ಪ್ರತಿ ಹೊಸಬನಿಗೂ ನಾನೇ ಹೇಳಿಕೊಡುವ ಪಾಠ ಅದು. ಮನೆಯಲ್ಲಿ ಅದನ್ನು ಬಿಟ್ಟು ಬಾಗಿಲು ಯಾಕೆ ತಲೆಗೆ ಬಂತೋ, ಇವತ್ತಿಗೂ ತಿಳಿದಿಲ್ಲ.

"ಸರ್, ಅರ್ಧ ಗಂಟೆ ಕೊಡಿ," ಅಂದಳು ಮಗಳು.

ಮೇಷ್ಟ್ರು ಎಕ್ಸ್‌ಪ್ರೆಸ್ ಕಡೆ ನೋಡಿದರು. ಅವಳು ಭುಜ ಕುಣಿಸಿದಳು. "ಕೊಡಿ ಸರ್. ಆಮೇಲೆ ಅವಳು ಗೊಣಗಬಾರದು."

ಇಕ್ಕಳದ ಬಾಯನ್ನು ಗಾಳಿಯಿಂದ ತಳ್ಳುವ ಸಿಲಿಂಡರನ್ನು ಮಗಳು ಬಿಚ್ಚಿ ತಿರುಗಿಸಿ ಕೂರಿಸಿದಳು. ಸ್ಪ್ರಿಂಗಿನ ಬದಲಿಗೆ ದಪ್ಪ ರಬ್ಬರ್ ಬ್ಯಾಂಡುಗಳನ್ನು ಬಿಗಿಯುವ ಕೆಲಸ ನನ್ನದು. ಎರಡು ಸಲ ತಪ್ಪು ಕಡೆಗೆ ಹಾಕಿದೆ. ಕೈಗೆ ಅಭ್ಯಾಸವಾದದ್ದು ಬಾಗಿಲು, ಬೇಕಾಗಿದ್ದದ್ದು ಬ್ರೇಕು. ಎಡ ಯಾವುದು, ಬಲ ಯಾವುದು ಅನ್ನುವುದೂ ಗೋಜಲಾಯಿತು.

"ಅಪ್ಪ, ಅದು ಕಚ್ಕೊಂಡೇ ಇರಬೇಕು. ಗಾಳಿ ಬಂದಾಗ ಮಾತ್ರ ಬಾಯಿ ಬಿಡಬೇಕು. ನಿಂದು ಉಲ್ಟಾ."

"ನಿಮ್ಮಮ್ಮನಿಗೆ ಹೇಳ್ಬೇಡ."

ಮತ್ತೆ ಪಂಪು, ಮತ್ತೆ ಗಡಿಯಾರ. ಈಗ ಒಂದು ಡಬ್ಬಕ್ಕೆ ಒಂದೇ ಬುಸ್. ನಾಲ್ಕನೆಯದು ಜಾರಲಿಲ್ಲ. ಐದನೆಯದು ಮೂಲೆ ಮುಟ್ಟಿದಾಗ ಇನ್ನೂ ಒಂಬತ್ತು ಸೆಕೆಂಡ್ ಉಳಿದಿತ್ತು. ಟ್ಯಾಂಕಿನ ಮುಳ್ಳೂ ಪೂರ್ತಿ ಕೆಳಗಿಳಿದಿರಲಿಲ್ಲ.

"ಹತ್ತು ಮೋಟರ್," ಅಂತ ಮೇಷ್ಟ್ರು ಬರೆದುಕೊಂಡರು.

ಯಾರೂ ಕುಣಿಯಲಿಲ್ಲ. ಎಕ್ಸ್‌ಪ್ರೆಸ್ ನೆಲಕ್ಕೆ ಕೂತು ವೈರ್ ಬಿಚ್ಚಿಟ್ಟಿದ್ದ ಮೋಟರಿನ ಮೊದಲ ಬೋಲ್ಟಿಗೆ ಕೈ ಹಾಕಿದಳು. ಅದು ಬಿಗಿದುಕೊಂಡಿತ್ತು. ನಾನು ಬಗ್ಗಿದೆ.

"ಮುಟ್ಬೇಡಿ ಅಂಕಲ್. ನಾನೇ ಹಾಕಿದ್ದು, ನಾನೇ ತೆಗೀತೀನಿ."

ಮಗಳು ಎದುರಿಗೆ ಕೂತು, ಅಲ್ಲಾಡದಂತೆ ಚಕ್ರ ಹಿಡಿದುಕೊಂಡಳು. "ಉಳಿದ ಆರನ್ನ ನಿಂಗೆ ಹೇಗೆ ಬೇಕೋ ಹಾಗೆ ಕೂರಿಸ್ಕೋ. ನಾನು ಬಾಯಿ ಹಾಕಲ್ಲ."

"ಹಾಕು ನೋಡೋಣ," ಅಂದಳು ಅವಳು. ಕಣ್ಣು ಕೆಂಪಾಗಿತ್ತು. ಸ್ವಲ್ಪ ಹೊತ್ತಿಗೆ ಇಬ್ಬರೂ ಯಾವ ಚಕ್ರಕ್ಕೆ ಎಷ್ಟು ಭಾರ ಬೀಳುತ್ತದೆ ಅಂತ ಮಾತಾಡತೊಡಗಿದರು. ನನಗೆ ಅದೂ ಅರ್ಥವಾಗಲಿಲ್ಲ.

ಬಿಚ್ಚಿದ ಮೋಟರುಗಳನ್ನು ಎಕ್ಸ್‌ಪ್ರೆಸ್ ತಲೆಯೆತ್ತದೆ ನನ್ನ ಕೈಗೆ ಕೊಟ್ಟಳು, ಒಂದಾದ ಮೇಲೆ ಒಂದು. ತಿರುಗಿಸಿ ನೋಡಿದೆ. ಎರಡೂ ಗಟ್ಟಿಯಾಗಿಯೇ ಇದ್ದವು. ಡಿಪೋದಲ್ಲಿ ಕೆಟ್ಟದ್ದನ್ನು ಬಿಚ್ಚುತ್ತೇವೆ, ಬಿಚ್ಚಿದ್ದನ್ನು ಹಿತ್ತಲಿನ ಗುಜರಿ ಡ್ರಮ್ಮಿಗೆ ಎಸೆಯುತ್ತೇವೆ. ಕೆಡದೇ ಇರುವುದನ್ನು ಬಿಚ್ಚಿ ನನ್ನ ಕೈಗೆ ಕೊಟ್ಟದ್ದು ಇದೇ ಮೊದಲು. ಎಲ್ಲಿಡಬೇಕೋ ತಿಳಿಯದೆ, ಕೈಗೊಂದರಂತೆ ಹಿಡಿದುಕೊಂಡು ಅಲ್ಲೇ ನಿಂತಿದ್ದೆ.